ಅಮ್ಮನ ಮಿಷನ್ನಿನ ಟಿಣ್

“ನಿನ್ನ ಹಾಡಿನ ಪೆಟ್ಟಿಗೆಯಲ್ಲಿ ಏನೋ ಕಮ್ಮಿ ಇದೆ ಅಂತಿದಾರೆ ನೋಡು,” ಎಂದಳು ಚಿಕ್ಕಮ್ಮ.

ಸಿಳ್ಳೆ ಕುರ್ಚಿಯ ಮೇಲೆ ಮೊಣಕಾಲೂರಿ, ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

‘ಪ್ರೀತಿಯ ಸಿಳ್ಳೆ, ನಿನ್ನ ಹಾಡು ತಲುಪಿತು. ಎರಡು ಸಲ ಕೇಳಿದೆ. ಆದರೆ ಪೆಟ್ಟಿಗೆ ತೆರೆದರೆ ಒಳಗೆ ಬಿಡಿ ಸದ್ದುಗಳೇ ಇಲ್ಲ. ಎಲ್ಲವನ್ನೂ ಬೆರೆಸಿದ ಒಂದೇ ಫೈಲ್ ಇದೆ. ನಮ್ಮ ನಿಯಮ ನಿನಗೆ ಗೊತ್ತಲ್ಲ? ಇವತ್ತು ಸಂಜೆ ಆರರೊಳಗೆ ಬಿಡಿ ಸದ್ದುಗಳ ಜೊತೆ ಕಳಿಸಿದರೆ ಸ್ಪರ್ಧೆಗೆ ಸೇರಿಸುತ್ತೇನೆ. ಇಲ್ಲದಿದ್ದರೆ ಹಾಡನ್ನು ಎಲ್ಲರೂ ಕೇಳಬಹುದು, ಓಟು ಮಾತ್ರ ಹಾಕುವ ಹಾಗಿಲ್ಲ.’

ಕೆಳಗೆ ‘ಲೈಬ್ರರಿ ಆಂಟಿ’ ಎಂದು ಬರೆದಿತ್ತು. ಆಕೆ ಎಲ್ಲೋ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುತ್ತಾರೆ. ರಜೆಯ ದಿನ ಈ ಸ್ಪರ್ಧೆ ನಡೆಸುತ್ತಾರೆ.

ಸಿಳ್ಳೆ ಗಡಿಯಾರ ನೋಡಿದಳು. ಬೆಳಗಿನ ಹನ್ನೊಂದು ಗಂಟೆ.

ಸಿಳ್ಳೆ ಅನ್ನುವುದು ಅವಳ ನಿಜವಾದ ಹೆಸರಲ್ಲ. ಮುಂದಿನ ಎರಡು ಹಲ್ಲಿನ ನಡುವಿನ ಸಂದಿಯಿಂದ ಅವಳು ದಿನವಿಡೀ ಸಿಳ್ಳೆ ಹಾಕುತ್ತಾಳೆ. ಮನೆಯಲ್ಲಿ ಹಾಗೆ ಕರೆದು ಕರೆದು, ಈಗ ಐದನೇ ಕ್ಲಾಸಿನ ಮಿಸ್ ಕೂಡ ಹಾಗೇ ಕರೆಯುತ್ತಾರೆ.

ಚಿಕ್ಕಮ್ಮನದು ಕಂಪ್ಯೂಟರ್ ರಿಪೇರಿ ಕೆಲಸ. ಹಾಡು ಕಟ್ಟುವ ಸಾಫ್ಟ್‌ವೇರನ್ನು ಮನೆಯ ಹಳೇ ಕಂಪ್ಯೂಟರಿಗೆ ಹಾಕಿಕೊಟ್ಟವಳು ಅವಳೇ. ಅದನ್ನು ಯಾವುದೋ ಒಂದು ಕಂಪನಿ ಮಾಡಿದ್ದಲ್ಲ. ಎಲ್ಲೆಲ್ಲೋ ಇರುವ ನೂರಾರು ಜನ ಕೈಜೋಡಿಸಿ ಮಾಡಿದ್ದು. ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗಿದೆ ಎಂದು ಬಿಚ್ಚಿ ನೋಡಬಹುದು, ಕೆಟ್ಟದ್ದನ್ನು ಸರಿ ಮಾಡಬಹುದು. ಅದರ ಬಟನ್ನುಗಳ ಮೇಲಿನ ಕನ್ನಡ ಪದಗಳನ್ನೆಲ್ಲ ಕೂರಿಸಿದ್ದು ಚಿಕ್ಕಮ್ಮನೇ.

ಅದನ್ನು ಬಳಸುವವರ ಬಳಗವೊಂದು ಪ್ರತಿ ತಿಂಗಳೂ ಹಾಡಿನ ಸ್ಪರ್ಧೆ ನಡೆಸುತ್ತದೆ. ಹಾಡಿನ ಜೊತೆ ಅದರ ಬಿಡಿ ಸದ್ದುಗಳನ್ನೂ ಒಂದೇ ಫೋಲ್ಡರಿನಲ್ಲಿ, ಅಂದರೆ ‘ಪೆಟ್ಟಿಗೆ’ಯಲ್ಲಿ, ಇಟ್ಟು ಕಳಿಸಬೇಕು; ಬೇರೆಯವರೂ ಅವನ್ನು ತಮ್ಮ ಹಾಡಿಗೆ ಬಳಸಬಹುದು. ಬಹುಮಾನ ಅಂತ ಏನೂ ಇಲ್ಲ. ಗೆದ್ದವರು ಮುಂದಿನ ತಿಂಗಳ ವಿಷಯ ಹೇಳಬಹುದು, ಅಷ್ಟೆ. ಆದರೆ ಸಿಳ್ಳೆಗೆ ಬೇಕಾಗಿದ್ದು ಅದೇ. ‘ಸ್ಕೂಲ್ ಬೆಲ್ ಹೊಡೆದ ಮೇಲೆ’ ಎಂದು ಅವಳು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆಗಲೇ ಬರೆದಿಟ್ಟಿದ್ದಳು. ದೊಡ್ಡವರೆಲ್ಲ ಕೂತು ಅವಳು ಹೇಳಿದ ವಿಷಯಕ್ಕೆ ಹಾಡು ಕಟ್ಟಬೇಕು!

“ಯಾಕೆ ಹೀಗೆ ಮಾಡಿದೆ?” ಚಿಕ್ಕಮ್ಮ ಕೇಳಿದಳು. ಅವಳ ಮಡಿಲಲ್ಲಿ ಯಾರದೋ ಕೀಬೋರ್ಡ್ ಇತ್ತು. ಬ್ರಷ್ ಹಿಡಿದು ಅದರ ಸಂದಿಯಿಂದ ಬಿಸ್ಕತ್ತಿನ ಪುಡಿ ತೆಗೆಯುತ್ತಿದ್ದಳು.

“ಬಿಡಿಬಿಡಿಯಾಗಿ ಇಟ್ರೆ ಕದ್ದುಬಿಡ್ತಾರೆ.”

“ಯಾರು?”

“ಕಪ್ಪೆರಾಯ.”

ಕಪ್ಪೆರಾಯ ಬಳಗದ ಒಬ್ಬ ಸದಸ್ಯ. ಯಾರೋ, ಎಲ್ಲಿಯವನೋ, ಸಿಳ್ಳೆಗೆ ಗೊತ್ತಿಲ್ಲ. ಹೆಸರಿನ ಪಕ್ಕದಲ್ಲಿ ಕನ್ನಡಕ ಹಾಕಿದ ಕಪ್ಪೆಯ ಚಿತ್ರ ಇದೆ. ಕಳೆದ ಎರಡು ತಿಂಗಳೂ ಗೆದ್ದವನು ಅವನೇ.

“ಸರಿ, ಈಗ ಬಿಡಿ ಸದ್ದು ಹಾಕಿ ಕಳಿಸು. ಐದು ನಿಮಿಷದ ಕೆಲಸ.”

ಸಿಳ್ಳೆ ಉಗುರು ಕಚ್ಚಿದಳು. “ಅವು ಇಲ್ಲ. ಅಳಿಸಿಬಿಟ್ಟೆ.”

“ಕಸದ ಬುಟ್ಟಿಯಲ್ಲಿ ಇರುತ್ತೆ ಬಿಡು.”

“ಅದನ್ನೂ ಖಾಲಿ ಮಾಡಿದೆ.”

“ಅಮ್ಮನ ಫೋನಲ್ಲಿ?”

“ಅಲ್ಲೂ.”

ಚಿಕ್ಕಮ್ಮನ ಬ್ರಷ್ ನಿಂತಿತು. “ಶಹಬ್ಬಾಸ್! ನೆಗಡಿ ಬಂತು ಅಂತ ಮೂಗನ್ನೇ ಕೊಯ್ಕೊಂಡ ಹಾಗಾಯ್ತು.”

“ಬೆರೆಸಿದ ಫೈಲಿಂದ ವಾಪಸ್ ತೆಗೆಯೋಕೆ ಆಗಲ್ವಾ?”

“ಹಾಲಲ್ಲಿ ಕರಗಿದ ಸಕ್ಕರೆ ವಾಪಸ್ ತೆಗಿತೀಯಾ?”

ಸಿಳ್ಳೆಯ ಕಣ್ಣು ತುಂಬಿ ಬಂತು. ಅಂಗೈಯಿಂದ ಒರೆಸಿಕೊಂಡು, ಕುರ್ಚಿಯಿಂದ ಜಿಗಿದಳು.

“ಎಲ್ಲಾ ಮತ್ತೆ ರೆಕಾರ್ಡ್ ಮಾಡ್ತೀನಿ. ಅಮ್ಮಾ, ಫೋನ್ ಕೊಡು!”

ಈ ತಿಂಗಳ ವಿಷಯ ‘ಮನೆಯೊಳಗೊಂದು ಕೆಲಸ’. ಸಿಳ್ಳೆಯ ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿ ಸದ್ದುಗಳಿಗೆ ಬರವಿಲ್ಲ. ಬಟ್ಟೆ ಕತ್ತರಿಸುವ ಕತ್ತರಿಯ ಕರಕ್ ಕರಕ್. ಇಸ್ತ್ರಿಪೆಟ್ಟಿಗೆಯ ಹಬೆಯ ಸ್‌ಸ್‌ಸ್. ಡಬ್ಬಿಯಲ್ಲಿ ಗುಂಡಿ ಕುಲುಕಿದರೆ ಝಲ್ ಝಲ್. ಅಳತೆ ಟೇಪನ್ನು ಎಳೆದು ಬಿಟ್ಟರೆ ಫಟ್. ಇವನ್ನೆಲ್ಲ ಪೋಣಿಸಿ ಸಿಳ್ಳೆ ಎರಡು ನಿಮಿಷದ ಹಾಡು ಮಾಡಿದ್ದಳು. ಅದರ ಹೆಸರು ‘ಅರ್ಜೆಂಟ್ ಹೊಲಿಗೆ’.

ಮಧ್ಯಾಹ್ನದ ಊಟಕ್ಕೆ ಕರೆದರೂ ಅವಳು ಏಳಲಿಲ್ಲ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಫೋನ್. ಬೀದಿಯಲ್ಲಿ ಯಾರೋ ಹಾರ್ನ್ ಹೊಡೆದು ಇಸ್ತ್ರಿಯ ಹಬೆಯನ್ನು ಕೆಡಿಸಿದರು. ಮತ್ತೆ ಮಾಡಿದಳು. ಗುಂಡಿ ಡಬ್ಬಿ ಕೈಜಾರಿ ಗುಂಡಿಗಳೆಲ್ಲ ನೆಲದ ಮೇಲೆ ಹರಡಿದವು. ಆರಿಸಿ ತುಂಬಿ, ಮತ್ತೆ ಮಾಡಿದಳು. ಮೂರು ಗಂಟೆಯ ಹೊತ್ತಿಗೆ ಒಂದು ಸದ್ದು ಬಿಟ್ಟು ಉಳಿದೆಲ್ಲ ಸಿಕ್ಕಿತ್ತು. ಎಲ್ಲಿ ಯಾವುದು ಬರಬೇಕು ಅನ್ನುವುದು ಅವಳಿಗೆ ಬಾಯಿಪಾಠವಾಗಿತ್ತು.

ಉಳಿದದ್ದು ಹೊಲಿಗೆ ಮಿಷನ್.

ಮಿಷನ್ನಿನ ಪಕ್ಕದಲ್ಲಿ ಸಣ್ಣದೊಂದು ತಗಡಿನ ಮುಚ್ಚಳ ಇತ್ತು. ಅದು ಸಡಿಲವಾಗಿ, ಅಮ್ಮ ಪೆಡಲ್ ತುಳಿದಾಗೆಲ್ಲ ಟಕಟಕ ಟಕಟಕ ಟಿಣ್, ಟಕಟಕ ಟಕಟಕ ಟಿಣ್ ಎನ್ನುತ್ತಿತ್ತು. ಇಡೀ ಹಾಡು ನಿಂತಿದ್ದೇ ಆ ಟಿಣ್ ಮೇಲೆ.

“ಅಮ್ಮಾ, ಸ್ವಲ್ಪ ಹೊಲಿ.”

“ಬೆಳಗ್ಗೆಯಿಂದ ಬಟ್ಟೆ ಕತ್ತರಿಸಿದ್ದೇ ಆಯ್ತು, ಇನ್ನು ಹೊಲಿಯೋದೇ. ಆಸ್ಪತ್ರೆಯವರ ನಲವತ್ತು ಅಂಗಿ ನಾಳೆ ಕೊಡಬೇಕು,” ಎಂದು ಅಮ್ಮ ಪೆಡಲ್ ತುಳಿದಳು.

ಟಕಟಕ ಟಕಟಕ. ಟಕಟಕ ಟಕಟಕ.

ಸಿಳ್ಳೆ ಮಿಷನ್ನಿನ ಹತ್ತಿರ ಕಿವಿ ತಂದಳು. “ಟಿಣ್ ಎಲ್ಲಿ?”

“ಯಾವ ಟಿಣ್ಣೇ?”

“ಟಿಣ್! ತಗಡಿನ ಟಿಣ್!”

“ಓ, ಅದಾ? ಶುಕ್ರವಾರ ಮಿಷನ್ ರಿಪೇರಿಯವರು ಬಂದಿದ್ರಲ್ಲ. ಹೊಸ ಮುಚ್ಚಳ ಹಾಕಿ ಹೋದ್ರು. ಈಗ ಬೆಣ್ಣೆ ತರ ಓಡುತ್ತೆ ನೋಡು.” ಅಮ್ಮನ ಮುಖದಲ್ಲಿ ನೆಮ್ಮದಿ ಇತ್ತು.

ಸಿಳ್ಳೆ ಸೋಲಲಿಲ್ಲ. ಅಮ್ಮ ನೀರು ಕುಡಿಯಲು ಎದ್ದಾಗ ಚಿಕ್ಕಮ್ಮನ ಸ್ಕ್ರೂ ಡ್ರೈವರ್ ತಂದು ಮುಚ್ಚಳದ ಸ್ಕ್ರೂ ಸಡಿಲ ಮಾಡಿದಳು. ಅಮ್ಮ ಬಂದು ಪೆಡಲ್ ತುಳಿದಳು. ಟಕಟಕ ಡಬ್! ಮುಚ್ಚಳ ಕಳಚಿ ಬಟ್ಟೆಯ ಮೇಲೆ ಬಿತ್ತು. ದಾರ ಸಿಕ್ಕಾಗಿ ಸೂಜಿ ಮುರಿಯಿತು.

“ಯಾರೇ ಇದನ್ನ ಮುಟ್ಟಿದ್ದು!”

ಮನೆಯಲ್ಲಿ ಇದ್ದವರೇ ಮೂವರು. ಚಿಕ್ಕಮ್ಮ ಕೀಬೋರ್ಡಿನೊಳಗೆ ಮುಖ ಹುದುಗಿಸಿಕೊಂಡಳು.

ಸಿಳ್ಳೆ ತಪ್ಪೊಪ್ಪಿಕೊಂಡಳು. ಅಮ್ಮ ಬೈದಳು. ಬೈಯುತ್ತಲೇ ಹೊಸ ಸೂಜಿ ಹಾಕಿದಳು. ಆಮೇಲೆ ಮಗಳ ಮುಖ ನೋಡಿ, ರಿಪೇರಿಯವರಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿದಳು.

“ಆ ಹಳೇ ತಗಡಾ ಅಕ್ಕಾ? ಅದನ್ನ ನಿನ್ನೆನೇ ಗುಜರಿಗೆ ಹಾಕಿದ್ನಲ್ಲಾ! ಯಾಕೆ, ಹೊಸದು ಸರಿ ಇಲ್ವಾ?”

“ಹೊಸದು ಚೆನ್ನಾಗಿದೆ. ಅದೇ ತೊಂದರೆ,” ಎಂದು ಅಮ್ಮ ಫೋನಿಟ್ಟಳು.

ಸಿಳ್ಳೆ ಚಮಚದಿಂದ ಲೋಟ ಬಡಿದಳು. ಬೀಗದ ಕೈಯಿಂದ ಕಿಟಕಿಯ ಸರಳು ಬಡಿದಳು. ಟಣ್, ಠಣ್, ಟಂಗ್. ಒಂದೂ ಟಿಣ್ ಅನ್ನಲಿಲ್ಲ. ಗಂಟೆ ನಾಲ್ಕೂವರೆ ಆಯಿತು.

“ನೀನು ಬಳಗಕ್ಕೆ ಸೇರಿದ ದಿನ ನಮಸ್ಕಾರ ಹಾಕಿದ್ದು ಯಾವ ಸದ್ದಲ್ಲಿ?” ಚಿಕ್ಕಮ್ಮ ತಲೆ ಎತ್ತದೆ ಕೇಳಿದಳು.

ಆ ಬಳಗದಲ್ಲಿ ಒಂದು ಪದ್ಧತಿ ಇದೆ. ಹೊಸಬರು ಮಾತಿನಲ್ಲಿ ನಮಸ್ಕಾರ ಹೇಳುವ ಹಾಗಿಲ್ಲ. ಒಂದು ಸದ್ದು ಕಳಿಸಬೇಕು. ಸಿಳ್ಳೆ ಅಮ್ಮನ ಮಿಷನ್ನಿನ ಹತ್ತು ಸೆಕೆಂಡ್ ಕಳಿಸಿದ್ದಳು. ಸ್ವಲ್ಪ ಹೊತ್ತಿಗೇ ಕಪ್ಪೆರಾಯ ಬರೆದಿದ್ದ: ‘ಅಬ್ಬಾ! ಈ ಟಿಣ್ ಎಲ್ಲಿ ಸಿಕ್ತು? ನಂಗೂ ಬೇಕು!’

ಅದನ್ನು ಓದಿ ಸಿಳ್ಳೆಗೆ ಭಯವಾಗಿತ್ತು. ಮರುದಿನವೇ ತನ್ನ ನಮಸ್ಕಾರವನ್ನು ಅಲ್ಲಿಂದ ತೆಗೆದುಬಿಟ್ಟಿದ್ದಳು.

“ಅದನ್ನೂ ಅಳಿಸಿದೆ,” ಎಂದಳು ಸಣ್ಣ ದನಿಯಲ್ಲಿ.

“ಯಾರ ಹತ್ರಾದ್ರೂ ಇರಬಹುದು. ಕೇಳಿ ನೋಡು.”

“ನಾನೇ ತೆಗೆದುಬಿಟ್ಟು, ಈಗ ನಾನೇ ಹೇಗೆ ಕೇಳಲಿ?”

“ಅದು ನಂಗೊತ್ತಿಲ್ಲಪ್ಪ,” ಎಂದಳು ಚಿಕ್ಕಮ್ಮ.

ಸಿಳ್ಳೆ ಪರದೆಯ ಮುಂದೆ ಕೂತಳು. ‘ನನ್ನ ಕಂಪ್ಯೂಟರ್ ಕೆಟ್ಟುಹೋಯಿತು’ ಎಂದು ಬರೆದಳು. ನೋಡಿದಳು. ಅಳಿಸಿದಳು. ‘ನನ್ನ ತಂಗಿ ಅಳಿಸಿಬಿಟ್ಟಳು’ ಎಂದು ಬರೆದಳು. ಅವಳಿಗೆ ತಂಗಿಯೇ ಇರಲಿಲ್ಲ. ಅದನ್ನೂ ಅಳಿಸಿದಳು. ಕೊನೆಗೆ ಕಿವಿಯೆಲ್ಲ ಬಿಸಿಯಾಗಿ, ಒಂದೊಂದೇ ಅಕ್ಷರ ಒತ್ತಿದಳು:

‘ಎಲ್ಲರಿಗೂ ನಮಸ್ಕಾರ. ನೀವು ಕದೀತೀರಿ ಅಂತ ನನ್ನ ಸದ್ದುಗಳನ್ನೆಲ್ಲ ನಾನೇ ಅಳಿಸಿಬಿಟ್ಟೆ. ಈಗ ಮಿಷನ್ ರಿಪೇರಿ ಆಗಿದೆ. ಟಿಣ್ ಬರ್ತಿಲ್ಲ. ನನ್ನ ಹಳೇ ನಮಸ್ಕಾರ ಯಾರ ಹತ್ರ ಆದ್ರೂ ಇದ್ರೆ ಕೊಡ್ತೀರಾ? ಆರು ಗಂಟೆಯೊಳಗೆ ಬೇಕು. ಸಾರಿ.’

ಕಳಿಸಿ, ಕಣ್ಣು ಮುಚ್ಚಿದಳು.

ಐದಾಯಿತು. ಐದೂ ಹತ್ತಾಯಿತು. ಲೈಬ್ರರಿ ಆಂಟಿ ಬರೆದರು: ‘ನನ್ನ ಬಳಿ ಇಲ್ಲ ಮಗೂ. ಕಾಯೋಣ.’ ಬಳಗದಲ್ಲಿ ಒಬ್ಬ ನರ್ಸ್ ಇದ್ದರು. ಅವರ ಬಳಿಯೂ ಇರಲಿಲ್ಲ. ಅಮ್ಮ ಹೊಲಿಯುತ್ತಲೇ ಆಗಾಗ ಇತ್ತ ನೋಡುತ್ತಿದ್ದಳು.

ಐದೂ ಇಪ್ಪತ್ತಕ್ಕೆ ಕನ್ನಡಕದ ಕಪ್ಪೆ ಪರದೆಯ ಮೇಲೆ ಬಂತು.

‘ನನ್ನ ಹತ್ರ ಇದೆ. ಹೊಸಬರ ನಮಸ್ಕಾರ ಎಲ್ಲಾ ಇಟ್ಕೊಳ್ಳೋದು ನನ್ನ ಹುಚ್ಚು. ನೀನು ತೆಗೆದೆಯಲ್ಲ, ಇಷ್ಟ ಇಲ್ಲವೇನೋ ಅಂತ ನಾನು ಬಳಸಲಿಲ್ಲ. ಆದ್ರೆ ಅಳಿಸೋಕೆ ಮನಸ್ಸು ಬರಲಿಲ್ಲ. ತಗೋ. ಬೇಗ ಮಾಡು!’

ಕೆಳಗೆ ಒಂದು ಫೈಲ್. ಸಿಳ್ಳೆ ಒತ್ತಿದಳು.

ಟಕಟಕ ಟಕಟಕ ಟಿಣ್. ಟಕಟಕ ಟಕಟಕ ಟಿಣ್. ಆಮೇಲೆ ಅಮ್ಮನ ದನಿ: “ಏಯ್, ಸೂಜಿ ಹತ್ರ ಫೋನ್ ಇಡ್ಬೇಡ ಅಂತ ಎಷ್ಟು ಸಲ ಹೇಳ್ಬೇಕೇ!”

ಅಮ್ಮ ಪೆಡಲ್ ನಿಲ್ಲಿಸಿದಳು. “ಅದು ನಾನಲ್ವೇನೇ?”

ಹಿಂದಿನ ಸಲ ಹಾಡು ಕಟ್ಟುವಾಗ ಸಿಳ್ಳೆ ಆ ಬೈಗುಳವನ್ನು ಕತ್ತರಿಸಿ ತೆಗೆದಿದ್ದಳು. ಈಗ ಎರಡನೇ ಸಲ ಕೇಳಿದಾಗ, ಹಾಡು ಮುಗಿಯಬೇಕಾದದ್ದೇ ಹೀಗೆ ಅನಿಸಿತು. ಆದರೆ ಯಾರದಾದರೂ ದನಿ ಇದ್ದರೆ ಅವರನ್ನು ಕೇಳಲೇಬೇಕು, ಅದೂ ಬಳಗದ ನಿಯಮ.

“ಅಮ್ಮಾ, ಇದನ್ನ ಹಾಡಿನ ಕೊನೆಗೆ ಹಾಕ್ಲಾ?”

“ನನ್ನ ಬೈಗುಳನಾ? ಹತ್ತೂರಿಗೆ ಕೇಳಿಸ್ತೀಯಾ? ನನ್ನ ಮಾನ ಏನಾಗಬೇಡ!”

“ಬೇಡ ಅಂದ್ರೆ ಹಾಕಲ್ಲ.”

ಅಮ್ಮ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. “ಹಾಕ್ಕೋ ಹೋಗು. ಸುಳ್ಳು ಬೈಗುಳ ಏನಲ್ವಲ್ಲ.”

ಸಿಳ್ಳೆ ಬೇಗಬೇಗ ಪೋಣಿಸಿದಳು. ಕತ್ತರಿ, ಹಬೆ, ಗುಂಡಿ, ಟೇಪು, ತನ್ನ ಸಿಳ್ಳೆ. ಟಿಣ್ ತನ್ನ ಜಾಗಕ್ಕೆ ಬಂದು ಕೂತಿತು. ಎಲ್ಲ ಸದ್ದಿಗೂ ಒಂದೊಂದು ಹೆಸರು ಕೊಟ್ಟು, ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಇಟ್ಟಳು. ‘ಅಮ್ಮನ ಮಿಷನ್, ರಿಪೇರಿಗೆ ಮುಂಚೆ. ಕಾಪಾಡಿದ್ದು: ಕಪ್ಪೆರಾಯ’ ಎಂದೂ ಬರೆದಳು. ಕಳಿಸಿದಾಗ ಆರಕ್ಕೆ ಎಂಟು ನಿಮಿಷ ಬಾಕಿ ಇತ್ತು.

ಆಮೇಲೆ, ತೆಗೆದುಹಾಕಿದ್ದ ತನ್ನ ನಮಸ್ಕಾರವನ್ನು ಮೊದಲಿದ್ದ ಜಾಗದಲ್ಲೇ ಮತ್ತೆ ಹಾಕಿದಳು.

ಓಟು ಮುಗಿದಾಗ, ಹನ್ನೆರಡು ಹಾಡುಗಳಲ್ಲಿ ‘ಅರ್ಜೆಂಟ್ ಹೊಲಿಗೆ’ ಐದನೆಯದಾಯಿತು. ಕಪ್ಪೆರಾಯನದು ಎರಡನೆಯದು. ಗೆದ್ದದ್ದು ನರ್ಸ್. ಅವರು ಮುಂದಿನ ತಿಂಗಳಿಗೆ ‘ಕಾಯುವುದು’ ಎಂಬ ವಿಷಯ ಕೊಟ್ಟರು. ಸಿಳ್ಳೆಗೆ ಬೇಜಾರಾಯಿತು. ರಾತ್ರಿ ಊಟದ ತನಕ ಬೇಜಾರಾಗಿಯೇ ಇತ್ತು. ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟವನ್ನು ಮಾತ್ರ ಅವಳು ಹರಿಯಲಿಲ್ಲ.

ಉಳಿದ ಹನ್ನೊಂದು ಜನರೂ ಅವಳ ಹಾಡಿನ ಬಗ್ಗೆ ಒಂದೊಂದು ಸಾಲು ಬರೆದಿದ್ದರು. ಅದರಲ್ಲಿ ಎಂಟು ಸಾಲು ಅಮ್ಮನ ಬೈಗುಳದ ಬಗ್ಗೆ. ಅಮ್ಮ ಅವನ್ನು ಎರಡು ಸಲ ಓದಿಸಿಕೊಂಡಳು.

ಮರುವಾರ ಬಳಗಕ್ಕೆ ಹೊಸಬರೊಬ್ಬರು ಬಂದರು. ಅವರ ನಮಸ್ಕಾರ ಒಂದು ಅಂಗಡಿಯ ಶಟರ್ ಏಳುವ ಸದ್ದು. ಘರ್‌ರ್‌ರ್... ಧಡ್. ಕೊನೆಯಲ್ಲಿ ಒಂದು ಸಣ್ಣ ಕೀಂಯ್. ಸಿಳ್ಳೆಗೆ ಮೈ ಜುಮ್ಮೆಂದಿತು. ‘ನಂಗೂ ಬೇಕು!’ ಎಂದು ಬರೆಯಲು ಬೆರಳು ಹೋಯಿತು. ಅವಳು ನಿಂತು ಯೋಚಿಸಿದಳು. ‘ನಮಸ್ಕಾರ. ಕೊನೆಯ ಕೀಂಯ್ ತುಂಬಾ ಚೆನ್ನಾಗಿದೆ. ನಾನು ಐದನೇ ಕ್ಲಾಸು’ ಎಂದು ಬರೆದಳು. ಸದ್ದನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು.

ಎರಡು ದಿನ ಬಿಟ್ಟು ನೋಡಿದರೆ, ಆ ನಮಸ್ಕಾರ ಅಲ್ಲಿ ಇರಲಿಲ್ಲ. ಯಾಕೆ ತೆಗೆದರೋ, ಅವರು ಏನೂ ಬರೆದಿರಲಿಲ್ಲ.

‘ಕಾಯುವುದು’ ಹಾಡಿಗೆ ಆ ಶಟರ್ ಹೇಳಿ ಮಾಡಿಸಿದ ಹಾಗಿತ್ತು. ಸಿಳ್ಳೆ ಅದನ್ನು ಒಂದು ಸಲ ಕೇಳಿದಳು. ಮತ್ತೊಂದು ಸಲ ಕೇಳಿದಳು. ಪಕ್ಕದಲ್ಲಿ ಅಮ್ಮನ ಮಿಷನ್ ಬೆಣ್ಣೆಯ ಹಾಗೆ ಓಡುತ್ತಿತ್ತು, ಟಕಟಕ ಟಕಟಕ.

ಅವಳು ಆ ಸದ್ದನ್ನು ಹಾಡಿಗೆ ಹಾಕದೆ, ಹೊಸದೊಂದು ಫೋಲ್ಡರ್ ಮಾಡಿ ಅದರೊಳಗೆ ಇಟ್ಟಳು. ಫೋಲ್ಡರಿಗೆ ಏನು ಹೆಸರಿಡಲಿ ಎಂದು ಸ್ವಲ್ಪ ಹೊತ್ತು ಸಿಳ್ಳೆ ಹಾಕುತ್ತಾ ಕೂತಳು. ಆಮೇಲೆ ಬರೆದಳು: ‘ಕೇಳಿದರೆ ಕೊಡಬೇಕಾದದ್ದು.’