ಇಂಪನಾ ಕಟ್ಟಿದ ಗಾಳಿಕೊಳವೆ

"ಇದೇನ್ರೀ ಇದು?!"

ಬಾಗಿಲಲ್ಲಿ ಗಂಡಸಿನ ದನಿ ಕೇಳಿ ಇಂಪನಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಟೇಪಿನ ಸುರುಳಿ ಜಾರಿ ಅವನ ಕಾಲ ಬಳಿಗೇ ಉರುಳಿಹೋಯ್ತು.

ಅವನು ಮೋಕ್ಷಿತ್. ತುರುವೇಕೆರೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ದಬ್ಬೇಘಟ್ಟದ ಯೋಗಿತಾಳ ಮದುವೆ ವಿಡಿಯೋ ತೆಗೆದಿದ್ದ. ಮನೆಯಲ್ಲೇ ಎಡಿಟಿಂಗ್ ಮಾಡುವ ಹುಡುಗಿ ತಿಪಟೂರಿನಲ್ಲಿದ್ದಾಳೆ ಅಂತ ಯಾರೋ ಹೇಳಿದ್ದಕ್ಕೆ ಹಾರ್ಡ್ ಡಿಸ್ಕ್ ಹಿಡಿದು ಬಂದಿದ್ದ.

ಆದರೆ ಅವನ ಕಣ್ಣು ಹುಡುಗಿಯ ಮೇಲಿರಲಿಲ್ಲ. ಅವಳ ಕಂಪ್ಯೂಟರಿನ ಮೇಲಿತ್ತು!

ಅದರ ಡಬ್ಬಿಯ ಪಕ್ಕದ ಮುಚ್ಚಳ ಕಳಚಿತ್ತು. ಹಿತ್ತಲ ಕಿಟಕಿಯಿಂದ ಬಟ್ಟೆ ಒಗೆಯುವ ಮಿಷನ್ನಿನ ಹಳೇ ಪೈಪೊಂದು ಬಳುಕುತ್ತಾ ಬಂದು ಅದರೊಳಗೆ ಹೊಕ್ಕಿತ್ತು. ಪೈಪಿನ ತುದಿಗೆ ಅರ್ಧ ಕತ್ತರಿಸಿದ ಎಣ್ಣೆ ಕ್ಯಾನು. ಅದು ಪ್ರೊಸೆಸರ್ ಫ್ಯಾನಿನ ಮೇಲೆ ಟೋಪಿಯ ಹಾಗೆ ಕೂತಿತ್ತು. ಸುತ್ತ ಸಂದಿಗೆಲ್ಲ ಪಾತ್ರೆ ತಿಕ್ಕುವ ಸ್ಪಂಜು.

ಮೋಕ್ಷಿತ್ ನಕ್ಕುಬಿಟ್ಟ. ಜೋರಾಗಿ!

ಇಂಪನಾಳ ಕಿವಿಯ ತನಕ ಬಿಸಿಯೇರಿತು. 'ಅಯ್ಯೋ… ಮುಚ್ಚಳನಾದ್ರೂ ಹಾಕಬಾರ್ದಿತ್ತಾ ನಾನು!'

"ಅದು… ಶೀಟಿನ ರೂಮಲ್ವಾ, ಮಧ್ಯಾಹ್ನ ಕಾದುಬಿಡುತ್ತೆ," ಎಂದಳು ತೊದಲುತ್ತಾ. "ಪ್ರೊಸೆಸರ್ ಬಿಸಿಯಾಗಿ ಕಂಪ್ಯೂಟರ್ ಅರ್ಧಕ್ಕೇ ಆಫ್ ಆಗೋದು. ಹಿತ್ತಲಲ್ಲಿ ತೆಂಗಿನ ನೆರಳಿದೆ. ಅಲ್ಲಿನ ತಂಪು ಗಾಳಿ ನೇರವಾಗಿ ಅದಕ್ಕೇ ಹೋಗ್ಲಿ ಅಂತ…"

ಅವಳ ಮಾತು ಮುಗಿಯುವ ಮೊದಲೇ ಅವನು ಮೊಬೈಲಿನಲ್ಲಿ ಫೋಟೋ ಕ್ಲಿಕ್ಕಿಸಿದ್ದ. ಹಾರ್ಡ್ ಡಿಸ್ಕ್ ಮೇಜಿನ ಮೇಲಿಟ್ಟು ಹೊರಟೂ ಹೋದ.

ಸಂಜೆ ಗೆಳತಿ ಕೃತಿಕಾಳ ಫೋನು ಬಂತು.

"ಲೇ ಇಂಪೂ, ತುರುವೇಕೆರೆ ಸ್ಟುಡಿಯೋದವನ ಸ್ಟೇಟಸ್ಸಲ್ಲಿರೋದು ನಿನ್ ಕಂಪ್ಯೂಟರ್ ಅಲ್ವೇನೇ? ಎಲ್ರೂ ನಗ್ತಾವ್ರೆ ಕಣೇ!"

'ನಮ್ಮ ತಿಪಟೂರಿನ ಹೊಸ ಕೂಲಿಂಗ್ ಟೆಕ್ನಾಲಜಿ!' ಫೋಟೋದ ಕೆಳಗೆ ಹೀಗಿತ್ತು. ಮೂಲೆಯಲ್ಲಿ ಎಣ್ಣೆ ಕ್ಯಾನಿನ ಜಿಡ್ಡೂ ಕಾಣುತ್ತಿತ್ತು.

ಇಂಪನಾ ಅತ್ತಳು. ಅಮ್ಮನಿಗೆ ಕಾಣಬಾರದೆಂದು ಅಟ್ಟ ಹತ್ತಿ, ಕೊಬ್ಬರಿಗೆ ಬಿಟ್ಟ ಕಾಯಿಗಳ ನಡುವೆ ಕೂತು ಅತ್ತಳು. ನಾಳೆ ಪೇಟೆಗೆ ಹೇಗೆ ಹೋಗೋದು? ಯಾರಿಗೆ ಮುಖ ತೋರಿಸೋದು?

ಮಾರನೆಯ ದಿನ ಅವನೇ ಫೋನ್ ಮಾಡಿದ.

"ಇಂಪನಾ ಅವ್ರೇ, ವಿಡಿಯೋ ಎಲ್ಲಿಗೆ ಬಂತು?"

"ಆಗಲ್ಲ. ಕಂಪ್ಯೂಟರ್ ಮತ್ತೆ ಆಫ್ ಆಗ್ತಿದೆ. ನನ್ನ ಪೈಪು ಕೆಲಸಕ್ಕೆ ಬರ್ಲಿಲ್ಲ. ಬೇರೆಯವರಿಗೆ ಕೊಡಿ."

ಹಸಿ ಸುಳ್ಳು! ಪೈಪು ಹಾಕಿದ ಮೇಲೆ ಅದು ಒಮ್ಮೆಯೂ ನಿಂತಿರಲಿಲ್ಲ.

"ಅಯ್ಯೋ… ಮದುವೆ ಸೀಸನ್ನು ಕಣ್ರೀ, ಯಾರೂ ಸಿಗ್ತಿಲ್ಲ. ಯೋಗಿತಾ ಅವ್ರ ಅಜ್ಜಿ ಭೈರಮ್ಮ ಸೊಂಟ ಮುರ್ಕೊಂಡು ಹಾಸಿಗೇಲವ್ರೆ. ಮೊಮ್ಮಗಳ ಧಾರೆ ನೋಡಕ್ಕಾಗ್ಲಿಲ್ಲ. ದಿನಾ ಕೇಳ್ತಾರೆ…"

ಅವಳು ಫೋನ್ ಕಟ್ ಮಾಡಿದಳು. 'ನಗಬೇಕಾದ್ರೆ ಇದೆಲ್ಲ ನೆನಪಿರಲಿಲ್ವಾ?' ಅಂದುಕೊಂಡಳು. ಆದರೂ ಪಾಪ, ಆ ಅಜ್ಜಿ ಏನು ತಪ್ಪು ಮಾಡಿತ್ತು…

ಆ ವಾರವೇ ಒಂದು ಮಧ್ಯಾಹ್ನ ಇಂಪನಾ ಬೇರೊಂದು ನಾಮಕರಣದ ವಿಡಿಯೋ ಎಡಿಟ್ ಮಾಡುತ್ತಿದ್ದಳು.

"ಇಂಪೂ, ತುರುವೇಕೆರೆ ಸ್ಟುಡಿಯೋದವ್ರು ಬಂದವ್ರೆ ನೋಡೇ," ಅಮ್ಮ ಗುರುಶಾಂತಮ್ಮ ಕೂಗಿ, ಅವನನ್ನು ಸೀದಾ ರೂಮಿಗೇ ಕಳಿಸಿಬಿಟ್ಟರು. "ಒಳಗೋಗಪ್ಪ, ಅಲ್ಲೇ ಕೆಲಸ ಮಾಡ್ತಾವಳೆ."

ಮೋಕ್ಷಿತನ ಕೈಯಲ್ಲಿ ತಗಡಿನ ಚೌಕ ಕೊಳವೆಯಿತ್ತು. ಅಂಕುಡೊಂಕು ಮಡಿಕೆಗಳು. ತಗಡು ಕೊಯ್ದ ಎರಡು ಬೆರಳಿಗೆ ಪಟ್ಟಿ.

"ನಿಮ್ಮ ಪೈಪು ಆಗ್ಲಿಲ್ಲ ಅಂದ್ರಲ್ಲ, ಅದಕ್ಕೇ ನಾನೇ ಒಂದು ಮಾಡ್ಕೊಂಡು…"

ಮಾತು ಅಲ್ಲಿಗೇ ನಿಂತಿತು.

ಕಂಪ್ಯೂಟರ್ ಓಡುತ್ತಿತ್ತು. ಪರದೆಯ ಮೇಲೆ ಯಾರದೋ ಮಗು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿತ್ತು.

ಅವನು ಪರದೆ ನೋಡಿದ. ಪೈಪು ನೋಡಿದ. ಅವಳನ್ನು ನೋಡಿದ.

ಇಂಪನಾಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವತ್ತಿನದು ಬಡತನದ ನಾಚಿಕೆ. ಇವತ್ತಿನದು ಅದಲ್ಲ. ಇದು ತಾನೇ ಮಾಡಿಕೊಂಡದ್ದು!

"ಸರಿ ಬುಡಿ," ಎಂದವನೇ ಅವನು ಕೊಳವೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಹೊರನಡೆದ.

ಅವಳು ಅಂಗಳಕ್ಕೆ ಓಡಿದಳು.

"ರೀ… ನಿಲ್ರೀ! ಸುಳ್ಳು ಹೇಳ್ದೆ. ನಿಮ್ಮ ಸ್ಟೇಟಸ್ ನೋಡಿ ಹೊಟ್ಟೆ ಉರೀತು. ಆ ಅಜ್ಜಿ ವಿಷಯ ಗೊತ್ತಾದ್ಮೇಲೂ ಸುಮ್ನಿದ್ದೆ. ಅದು… ಅದು ದೊಡ್ಡ ತಪ್ಪು."

ಮೋಕ್ಷಿತ್ ತಿರುಗಿದ. ಅವನ ಮುಖವೂ ಕಪ್ಪಿಟ್ಟಿತ್ತು.

"ನನ್ನ ಕಂಪ್ಯೂಟರೂ ಹಂಗೇ ಬಿಸಿಯಾಗಿ ನಿಲ್ಲುತ್ತೆ ಕಣ್ರೀ. ನಿಮ್ಮದು ನೋಡಿ, ಇಷ್ಟು ಸಲೀಸಾ ಅಂತ ಖುಷಿಗೆ ನಕ್ಕಿದ್ದು. ನಾಲ್ಕು ಜನ ನೋಡ್ಲಿ ಅಂತ ಹಾಕ್ದೆ. ಅವರು ಆಡ್ಕೊಂಡು ನಗೋಕೆ ಶುರು ಮಾಡಿದ್ರು. ತೆಗೆದ್ಹಾಕ್ದೆ… ಆದ್ರೆ ನಿಮ್ಮತ್ರ ಹೇಳೋಕೆ ಮುಖ ಇರಲಿಲ್ಲ. ಆ ತಗಡು ಹಿಡ್ಕೊಂಡು ಬಂದಿದ್ದೇ ಅದಕ್ಕೆ."

ಇಂಪನಾ ಬಾಗಿಲ ಕಡೆ ತಿರುಗಿದಳು.

"ಬನ್ನಿ. ನಿಮ್ಮ ಕೊಳವೆ ಹಾಕಿ ನೋಡೋಣ."

ಅದು ಬೇಕಾದ್ದಕ್ಕಿಂತ ಒಂದು ಗೇಣು ಉದ್ದವಾಗಿತ್ತು! ಅವನು ಹಿಡಿದುಕೊಂಡ, ಅವಳು ಕತ್ತರಿಸಿದಳು. ಬಾಯಿ ಮಾತ್ರ ಫ್ಯಾನಿಗಿಂತ ಅಗಲವಾಗಿ ಗಾಳಿ ಪಕ್ಕಕ್ಕೆ ಸೋರುತ್ತಿತ್ತು. ಸಂದಿಗೆ ಅವಳ ಸ್ಪಂಜೇ ಬೇಕಾಯ್ತು. ಕಿಟಕಿಯ ಕಡೆ ಸೊಳ್ಳೆ ಪರದೆಯ ತುಂಡು ಕಟ್ಟಿದರು, ತೆಂಗಿನ ನಾರಿನ ಧೂಳು ಬರದಿರಲೆಂದು.

ಅವಳು ಬೇರೆಲ್ಲ ಕೆಲಸ ಬದಿಗಿಟ್ಟು ಯೋಗಿತಾಳ ಮದುವೆಗೆ ಕೂತಳು. ಧಾರೆಯ ಒಂದೊಂದು ದೃಶ್ಯ ಜೋಡಿಸುವಾಗಲೂ, ತಾನಿನ್ನೂ ನೋಡದ ಆ ಅಜ್ಜಿಯ ಮುಖ ಕಣ್ಣ ಮುಂದೆ ಬಂದು ಕೈ ತಡೆಯುತ್ತಿತ್ತು.

ವಿಡಿಯೋ ಕೊಡಲು ಇಬ್ಬರೂ ಬಸ್ಸಿನಲ್ಲಿ ದಬ್ಬೇಘಟ್ಟಕ್ಕೆ ಹೋದರು.

ಭೈರಮ್ಮನನ್ನು ದಿಂಬಿಗೆ ಒರಗಿಸಿ ಟಿವಿ ಹಾಕಿದರು. ಧಾರೆಯ ನೀರು ಬಿದ್ದಾಗ ಮುದುಕಿ ಎರಡೂ ಕೈ ಎತ್ತಿ ಮುಗಿದಳು. ಕೆನ್ನೆಯ ಮೇಲೆ ನೀರಿಳಿಯಿತು.

"ಇದ್ನ ಯಾರವ್ವ ಮಾಡ್ದೋರು? ನಾನೇ ಚಪ್ಪರದಾಗೆ ನಿಂತಂಗಾಯ್ತು!"

ಮೋಕ್ಷಿತ್ ಇಂಪನಾಳನ್ನು ತೋರಿಸಿದ. ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟಳು.

ಆ ಕೈಯ ಭಾರ ಇಂಪನಾ ತಾಳಲಿಲ್ಲ.

"ಅಜ್ಜೀ… ಇದು ಮೊದಲೇ ಬರಬೇಕಿತ್ತು. ನಾನೇ ಸಿಟ್ಟಿಗೆ, ಸುಳ್ಳು ಹೇಳಿ ತಡ ಮಾಡ್ದೆ."

ಭೈರಮ್ಮ ಅವಳ ಮುಖವನ್ನೇ ನೋಡಿದಳು.

"ಈಗ ನೋಡಿದ್ನಲ್ಲ ಬುಡು ಮಗ. ಅಳಬ್ಯಾಡ. ಇನ್ನೊಂದ್ ಸಲ ಹಾಕು, ಇನ್ನೊಂದ್ ಸಲ ನೋಡ್ತೀನಿ."

ಹೊರಗೆ ಬಸ್ಸಿಗೆ ಕಾಯುವಾಗ ಇಂಪನಾ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾರೂ ಕೇಳಿರಲಿಲ್ಲ. ಯಾಕೆ ಹೇಳಿದ್ರಿ?" ಎಂದ ಮೋಕ್ಷಿತ್.

"ಹೇಳದೇ ಆ ಆಶೀರ್ವಾದ ಮನೆಗೆ ತಗೊಂಡು ಹೋಗೋಕೆ ಆಗ್ತಿರಲಿಲ್ಲ."

ಅವನು ಮೆಲ್ಲಗೆ ಅಂದ, "ಇಂಪನಾ… ನಂಗೆ ನಿಮ್ಮ ಮೇಲೆ ಮನಸಾಗಿದೆ."

ಅವಳು ಗಾಬರಿಯಿಂದ ಮುಖವೆತ್ತಿದಳು. "ನನ್ನ ಇಷ್ಟೆಲ್ಲಾ ಹುಳುಕು ನೋಡಿದ್ಮೇಲೂನಾ?"

"ನೋಡಿದ್ದಕ್ಕೇ ಕಣ್ರೀ. ನಂದೂ ನೀವು ನೋಡಿದ್ದೀರಲ್ಲ."

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಇಂಪನಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಅಮ್ಮ ಭಾನುವಾರ ಮನೇಲೇ ಇರ್ತಾರೆ," ಎಂದಳು ಕೇಳಿಸಿಯೂ ಕೇಳಿಸದ ಹಾಗೆ.

"ಬತ್ತೀನಿ. ನೀವಿರ್ತೀರಾ?"

"ಇರ್ತೀನಿ…"