ಕ್ಯಾಬಿನೆಟ್ ಇಲ್ಲದ ಶನಿವಾರಗಳು

ಅರಗು ಕರಗುವ ವಾಸನೆ ಬಂದರೆ ನಾನು ಇವತ್ತಿಗೂ ಏಳು ವರ್ಷದವಳಾಗುತ್ತೇನೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಬೀದಿಯಲ್ಲಿ ನಮ್ಮ ಮನೆ. ಪಕ್ಕದ ಮನೆಯ ಜಗಲಿಯಲ್ಲಿ ಹಾಲೆಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಅದಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಿದ್ದರು. ತಿರುಗುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಸ್ವಲ್ಪ ಸೀದಂತೆ, ಸ್ವಲ್ಪ ಸಿಹಿಯಾಗಿ ಬರುತ್ತಿದ್ದ ಆ ವಾಸನೆಗೆ ನಾನು ಹೋಮ್‌ವರ್ಕ್ ಬಿಟ್ಟು ಓಡುತ್ತಿದ್ದೆ.

ನಲವತ್ತಾರನೆಯ ವಯಸ್ಸಿನಲ್ಲಿ ಹೆಚ್ಚುಕಡಿಮೆ ಅಂಥದೇ ವಾಸನೆ ನನ್ನನ್ನು ಬಾಲರಾಜು ಅವರ ಅಂಗಡಿಯ ಮೆಟ್ಟಿಲಲ್ಲಿ ನಿಲ್ಲಿಸಿತು. ಅದು ಅರಗಲ್ಲ. ಅವರು ಯಾವುದೋ ಹಳೆಯ ರೇಡಿಯೋಗೆ ಬೆಸುಗೆ ಹಾಕುತ್ತಿದ್ದರು, ರಾಳದ ಹೊಗೆ ಎದ್ದಿತ್ತು.

"ಏನ್ ಮೇಡಂ, ರೇಡಿಯೋನಾ, ಟೀವಿನಾ?" ಎಂದರು, ತಲೆ ಎತ್ತದೆ.

"ಒಂದು ಕಂಪ್ಯೂಟರ್ ಮಾಡಿಸ್ಬೇಕಿತ್ತು" ಎಂದೆ, ರವಿಕೆ ಹೊಲಿಸಬೇಕಿತ್ತು ಎನ್ನುವ ಹಾಗೆ.

ಆಗ ತಲೆ ಎತ್ತಿದರು. "ಅಳತೆ ತಂದಿದೀರಾ?"

ನಾನು ನಕ್ಕುಬಿಟ್ಟೆ. ಹಾಸಿಗೆ ಹಿಡಿದಿದ್ದ ಅಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಆ ಆರು ತಿಂಗಳಲ್ಲಿ ನಾನು ನಕ್ಕದ್ದು ಅದೇ ಮೊದಲು.

ಅದು ಎರಡು ಸಾವಿರದ ಆರನೆಯ ಇಸವಿ. ಹೆದ್ದಾರಿಯ ಬದಿಯಲ್ಲಿ ವಾರಕ್ಕೊಂದು ಹೊಸ ಅಂಗಡಿ ಬಾಗಿಲು ತೆರೆಯುತ್ತಿತ್ತು. ನನ್ನ ವಿದ್ಯಾರ್ಥಿಗಳು ಪರೀಕ್ಷೆ ಮುಗಿಸಿದ ಮಾರನೆಯ ವಾರವೇ ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಬಸ್ಸು ಹತ್ತುತ್ತಿದ್ದರು. ನಾನು ಇತಿಹಾಸ ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಇನ್ನು ಮುಂದೆ ಅಂಕಪಟ್ಟಿ, ಪ್ರಶ್ನೆಪತ್ರಿಕೆ ಎಲ್ಲವೂ ಕಂಪ್ಯೂಟರಿನಲ್ಲೇ ಆಗಬೇಕು ಎಂದಿದ್ದರು. ನನಗೆ ಮದುವೆಯಾಗಿರಲಿಲ್ಲ. ಆ ಮಾತನ್ನು ಬೀದಿಯವರೂ ಕೇಳುವುದು ಬಿಟ್ಟಿದ್ದರು.

ಬಾಲರಾಜು ನನಗಿಂತ ಮೂರು ವರ್ಷ ದೊಡ್ಡವರು. ಹೆಂಡತಿ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ, ಅಲ್ಲೇ ಅಡುಗೆ. ಗುರುವಾರ ರೈಲಿನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ನನ್ನ ಕಂಪ್ಯೂಟರಿನ ಒಂದೊಂದೇ ಭಾಗವನ್ನು ತರುತ್ತಿದ್ದರು. ಕಾಲೇಜು ಅರ್ಧ ದಿನವಿರುವ ಶನಿವಾರ ನಾನು ಹೋಗಿ ನೋಡುತ್ತಿದ್ದೆ.

ದಸರಾ ಹೊತ್ತಿಗೆ ಎಲ್ಲ ಬಂದಿತ್ತು. ಉಳಿದದ್ದು ಕ್ಯಾಬಿನೆಟ್ ಒಂದೇ, ಎಲ್ಲವನ್ನೂ ಒಳಗಿಟ್ಟು ಮುಚ್ಚುವ ಆ ತಗಡಿನ ಪೆಟ್ಟಿಗೆ. ಅದಿಲ್ಲದೆಯೂ ಕಂಪ್ಯೂಟರ್ ಓಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮದರ್‌ಬೋರ್ಡನ್ನು ಅದು ಬಂದ ರಟ್ಟಿನ ಡಬ್ಬದ ಮೇಲೆಯೇ ಮಲಗಿಸಿ, ಅವರು ನನ್ನ ಕೈಗೆ ಸ್ಕ್ರೂಡ್ರೈವರ್ ಕೊಟ್ಟರು.

"ಮೂಲೇಲಿ ಸಣ್ಣ ಕಡ್ಡಿಗಳು ಅವೆ ನೋಡಿ. 'ಪವರ್' ಅಂತ ಬರ್ದಿರೋ ಎರಡನ್ನ ಒಟ್ಟಿಗೆ ಮುಟ್ಸಿ."

"ಶಾಕ್ ಹೊಡೆಯಲ್ವಾ?"

"ನಿಮ್ಗೆ ಹೊಡೆದ್ರೆ ನಂಗೂ ಹೊಡೀತದೆ, ಮುಟ್ಸಿ" ಎಂದು ನನ್ನ ಮಣಿಕಟ್ಟಿನ ಕೆಳಗೆ ತಮ್ಮ ಅಂಗೈ ಒಡ್ಡಿದರು.

ಮುಟ್ಟಿಸಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು. ಅವರ ಅಂಗೈ ಅಲ್ಲೇ ಇತ್ತು, ಒಂದು ಗಳಿಗೆ ಹೆಚ್ಚಾಗಿಯೇ.

ಮನೆಗೆ ನಡೆಯುವಾಗ ನನಗೆ ಭಯ ಹತ್ತಿತು. ಕ್ಯಾಬಿನೆಟ್ ಬಂದುಬಿಟ್ಟರೆ ಮುಚ್ಚಳ ಬೀಳುತ್ತದೆ, ಕಂಪ್ಯೂಟರ್ ಮನೆಗೆ ಬರುತ್ತದೆ, ಆಮೇಲೆ ಆ ಅಂಗಡಿಗೆ ಹೋಗಲು ನನಗೆ ಕಾರಣವೇ ಇರುವುದಿಲ್ಲ. ಅಷ್ಟರೊಳಗೆ ಅವರಾಗಿ ಏನಾದರೂ ಹೇಳಬೇಕು. ಇಲ್ಲವೇ ನಾನು ಹೇಳಬೇಕು.

ಆದ್ದರಿಂದ ಯಾವ ಕ್ಯಾಬಿನೆಟ್ಟೂ ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲನೆಯದಕ್ಕೆ ಮುಂದುಗಡೆ ನೀಲಿ ದೀಪಗಳ ಸಾಲು. "ಆರ್ಕೆಸ್ಟ್ರಾದವರದ್ದು ಇದ್ದಂಗಿದೆ" ಎಂದೆ. ಎರಡನೆಯದು ಬಿಳಿ. ಬಿಳಿಯದು ಎರಡೇ ವರ್ಷದಲ್ಲಿ ಹಳದಿಯಾಗುತ್ತದೆ. ಮೂರನೆಯದನ್ನು ಅವರೇ ಬೇಡವೆಂದರು. ಒಳಗೆ ಕೈಹಾಕಿ ಅಂಚಿನುದ್ದಕ್ಕೂ ಬೆರಳಾಡಿಸಿ, "ಥೂ, ಬ್ಲೇಡು ಇದ್ದಂಗೈತೆ. ಧೂಳು ಒರೆಸೋಕೆ ಹೋದ್ರೆ ನಿಮ್ಮ ಕೈ ಕುಯ್ತದೆ" ಎಂದು ವಾಪಸು ಕಟ್ಟಿಟ್ಟರು. ನಾಲ್ಕನೆಯದನ್ನು "ನೀವು ಕೇಳಿದ ಕಪ್ಪು ಬಣ್ಣ" ಎಂದು ಹೆಮ್ಮೆಯಿಂದ ಬಿಚ್ಚಿದರು. ಅದು ಕಡು ಕೆಂಪು.

"ಇದು ಕಪ್ಪಾ?"

ಅವರು ಅದರ ಮೇಲೆ ಒಮ್ಮೆ ಕೈಯಾಡಿಸಿದರು. "ನಿಮ್ಮನ್ನ ಪರೀಕ್ಷೆ ಮಾಡ್ದೆ" ಎಂದು ನಕ್ಕರು. ನಾನೂ ನಕ್ಕೆ. ಇನ್ನೊಂದು ವಾರ ಸಿಕ್ಕಿತಲ್ಲ ಎಂಬ ಖುಷಿ ನನಗೆ.

ಅಂಗಡಿಯ ಪಕ್ಕದಲ್ಲೇ ಬೊಂಬೆ ಮಾಡುವ ಖಲಂದರ್ ಅವರ ಮಳಿಗೆ. ಮೈತುಂಬ ಮರದ ಪುಡಿ ಹೊತ್ತು ಇಣುಕುತ್ತಿದ್ದರು. "ಅಲ್ಲಾ ಮೇಡಮ್ಮಾ, ಹೆಣ್ಣು ನೋಡೋ ಶಾಸ್ತ್ರಾನೂ ಇಷ್ಟು ದಿನ ನಡೆಯಲ್ಲ. ಒಂದು ಡಬ್ಬಕ್ಕೆ ಎರಡು ತಿಂಗಳಾ?"

"ನಿನ್ ಬೊಂಬೆಗೆ ಕಣ್ಣು ಬರಿ ಹೋಗಯ್ಯಾ" ಎಂದು ಬಾಲರಾಜು ಗದರುತ್ತಿದ್ದರು.

"ಬೊಂಬೆ ಕಣ್ಣು ಬಿಡು ಬಾಲಣ್ಣ, ನಿನ್ನ ಕಣ್ಣು ಎಲ್ಲೈತೆ ನಂಗೊತ್ತಿಲ್ವಾ?"

ಆ ಕಣ್ಣು ಎಲ್ಲಿದೆ ಎಂದು ನನಗೂ ಗೊತ್ತಿತ್ತು. ನನ್ನ ಕಿವಿಯ ಮೇಲೆ. ಮಾತಾಡುವಾಗ ಅವರು ನನ್ನ ಕಣ್ಣನ್ನು ನೋಡುತ್ತಿರಲಿಲ್ಲ. ನೋಟ ಸ್ವಲ್ಪ ಪಕ್ಕಕ್ಕೆ ಸರಿದು ಬಲಗಿವಿಯ ಹತ್ತಿರ ನಿಲ್ಲುತ್ತಿತ್ತು, ಸಂಕೋಚದ ಹುಡುಗನ ನೋಟದಂತೆ. ಬಿಳಿಕೂದಲು ಬಂದ ಹೆಂಗಸು ಕನ್ನಡಿಯ ಮುಂದೆ ನಿಂತು ತನ್ನ ಕಿವಿಯನ್ನು ನೋಡಿಕೊಂಡದ್ದನ್ನು ಹೇಳಲು ಈಗಲೂ ನಾಚಿಕೆ. ಇಪ್ಪತ್ತು ವರ್ಷ ಒಂದೇ ಜೊತೆ ಬೆಂಡೋಲೆ ಹಾಕಿದ್ದವಳು ಸಣ್ಣ ಜುಮುಕಿ ಕೊಂಡೆ.

ಅದನ್ನು ಹಾಕಿಕೊಂಡು ಹೋದ ಶನಿವಾರ, ಅವರು ಮದರ್‌ಬೋರ್ಡಿನ ಜೊತೆ ಬಂದ ಪುಸ್ತಕವನ್ನು ನನ್ನತ್ತ ಚಾಚಿದರು. "ಒಸಿ ಓದಿ ಮೇಡಂ. ನೀವು ಓದಿದ್ರೆ ಪಾಠ ಕೇಳ್ದಂಗೆ ಇರ್ತದೆ."

ಓದಿದೆ. ಯಾವ ವೈರು ಯಾವ ಕಡ್ಡಿಗೆ ಎನ್ನುವುದಷ್ಟೇ ಅದರಲ್ಲಿದ್ದದ್ದು. ಅವರು ಕಣ್ಣು ಮುಚ್ಚಿ ಕೇಳಿದರು. ಓದುತ್ತಾ ಓದುತ್ತಾ ನನಗೆ ಧೈರ್ಯ ಬಂತು.

"ಬಾಲರಾಜು ಅವರೇ, ಕ್ಯಾಬಿನೆಟ್ ಸಿಗದೇ ಹೋದರೂ ಪರವಾಗಿಲ್ಲ. ಸಿಕ್ಕಿದರೂ ಅಷ್ಟೇ. ನಾನು ಬರ್ತಾನೇ ಇರ್ತೀನಿ."

ಅವರು ಕಣ್ಣು ತೆರೆದರು. ಜುಮುಕಿಯ ಪಕ್ಕ ಆ ನೋಟ ಬಹಳ ಹೊತ್ತು ನಿಂತಿತು. ಆಮೇಲೆ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, "ಕತ್ತಲಾಗ್ತದೆ, ಹೊರಡಿ" ಎಂದರು. ಆಗ ನಾಲ್ಕು ಗಂಟೆಯೂ ಆಗಿರಲಿಲ್ಲ.

ಬುಧವಾರ ಕಾಲೇಜಿನಿಂದ ಬಂದರೆ ನಮ್ಮ ಜಗಲಿಯ ಮೇಲೆ ಖಲಂದರ್ ಕೂತಿದ್ದರು. ಪಕ್ಕದಲ್ಲಿ ಕಂಪ್ಯೂಟರ್, ಕಪ್ಪು ಕ್ಯಾಬಿನೆಟ್ಟಿನೊಳಗೆ.

"ಬಾಲಣ್ಣ ಕಳಿಸವ್ನೆ. ಎಲ್ಲಾ ಅವ್ನೇ ಒಬ್ನೇ ಜೋಡ್ಸಿದ್ದು. ಮೂರು ದಿನ ಬಾಗ್ಲು ಹಾಕ್ಕೊಂಡಿದ್ದ, ನನ್ನೂ ಒಳಕ್ಕೆ ಬಿಡ್ನಿಲ್ಲ."

"ಏನಾದರೂ ಹೇಳಿದ್ರಾ?"

"ಆನ್ ಮಾಡಿ ನೋಡಿ ಅಂತ ಹೇಳು ಅಂದ."

ಅಷ್ಟೇ. ನನ್ನನ್ನು ಕೇಳದೆ ಆರಿಸಿ, ನನ್ನನ್ನು ಕರೆಯದೆ ಮುಚ್ಚಿ ಕಳಿಸಿದ್ದರು. ನಾನು ಹೇಳಿದ ಮಾತಿಗೆ ಇದೇ ಉತ್ತರ ಎಂದುಕೊಂಡೆ. ಖಲಂದರ್ ಹೋದ ಮೇಲೆ ಪಕ್ಕದ ತಗಡನ್ನು ಬಿಚ್ಚಿ ಒಳಗೆ ಕೈಯಾಡಿಸಿದೆ. ಒಂದೊಂದು ಅಂಚನ್ನೂ ಅರದಲ್ಲಿ ಉಜ್ಜಿ ನುಣುಪು ಮಾಡಿದ್ದರು, ಯಾರೂ ಮುಟ್ಟದ ಹಿಂದಿನ ಮೂಲೆಯನ್ನು ಕೂಡ. ಬೇಡವಾದವಳಿಗೆ ಯಾರಾದರೂ ಇಷ್ಟು ಮಾಡುತ್ತಾರೆಯೇ? ಅಥವಾ ಅವರು ಎಲ್ಲರಿಗೂ ಹೀಗೆಯೇ ಮಾಡುವವರೋ? ಮೂರು ರಾತ್ರಿ ಇದನ್ನೇ ಯೋಚಿಸಿದೆ.

ಶನಿವಾರ ಬಂತು. ಸುಮ್ಮನೆ ಹೋಗಬಹುದಿತ್ತು. ಬರುತ್ತಲೇ ಇರುತ್ತೇನೆ ಎಂದು ಹೇಳಿದವಳು ನಾನೇ ಅಲ್ಲವೇ. ಆದರೆ ನೆಪವಿಲ್ಲದೆ ಒಬ್ಬ ಗಂಡಸಿನ ಅಂಗಡಿಯ ಮೆಟ್ಟಿಲು ಹತ್ತುವುದು ನನಗೆ ಅಭ್ಯಾಸವಿರಲಿಲ್ಲ. ಹುಡುಕಿದೆ, ಒಂದು ನೆಪ ಸಿಕ್ಕಿತು.

ಅಂಗಡಿ ಗುಡಿಸಿ ಸಾರಿಸಿದಂತಿತ್ತು. ಮೇಜಿನ ಮೇಲಿದ್ದ ವೈರುಗಳ ರಾಶಿ ಮಾಯವಾಗಿತ್ತು. ಬಾಲರಾಜು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಕೂತಿದ್ದರು. ನನ್ನ ಹೆಜ್ಜೆ ಕೇಳುತ್ತಲೇ ಎದ್ದು ನಿಂತರು.

"ಬನ್ನಿ ಮೇಡಂ. ಚೆನ್ನಾಗ್ ಓಡ್ತಾ ಐತಾ?"

ಅವರ ಮುಖದಲ್ಲಿ ಎಂಥ ಬೆಳಕಿತ್ತು. ನಾನು ಅದನ್ನು ನೋಡಿದೆ. ನೋಡಿಯೂ, ದಾರಿಯುದ್ದಕ್ಕೂ ಉರುಹೊಡೆದ ಮಾತನ್ನೇ ಹೇಳಿದೆ.

"ಓಡುತ್ತೆ. ಆದ್ರೆ ಲೈಟು ಹತ್ತಲ್ಲ."

"ಯಾವ ಲೈಟು?"

"ಬಟನ್ ಪಕ್ಕ ಇರೋ ಸಣ್ಣದು. ಉಳಿದದ್ದೆಲ್ಲ ಸರಿಯಾಗಿದೆ."

ಅವರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಬಿಳೀ ವೈರು, ಬಣ್ಣದ ವೈರು ಅದಲುಬದಲಾಗೈತೆ" ಎಂದರು. "ಬಿಸಿಲಿಗೆ ಹಿಡಿದು ನೋಡ್ದೆ. ಮೂಗಿನ ಹತ್ರ ತಂದು ನೋಡ್ದೆ. ಗೊತ್ತಾಗ್ನಿಲ್ಲ. ಅಂದಾಜಿನ ಮೇಲೆ ಹಾಕ್ಬುಟ್ಟೆ."

"ಅದಕ್ಕೇನಂತೆ, ಒಂದು ನಿಮಿಷದ ಕೆಲಸ..."

"ನಿಮ್ಗೆ ಒಂದು ನಿಮಿಷ, ಮೇಡಂ."

ಆಮೇಲೆ ನೆಲ ನೋಡುತ್ತಾ ಎಲ್ಲವನ್ನೂ ಹೇಳಿದರು. ಎರಡೂ ಕಣ್ಣಿನ ನಡುಭಾಗ ಹೋಗಿದೆ. ಏನನ್ನು ನೆಟ್ಟಗೆ ನೋಡುತ್ತಾರೋ ಅದು ಬೂದಿ ಎರಚಿದಂತೆ ಮಸುಕಾಗುತ್ತದೆ, ಪಕ್ಕದ್ದು ಮಾತ್ರ ಒಂದಿಷ್ಟು ಕಾಣುತ್ತದೆ. ಬಣ್ಣವಂತೂ ಹೋಗಿಯೇಬಿಟ್ಟಿದೆ. ಬೆಂಗಳೂರಿನ ಡಾಕ್ಟರು ಇದಕ್ಕೆ ಮದ್ದಿಲ್ಲ ಎಂದು ಹೇಳಿ ವರ್ಷವಾಗಿತ್ತು. ಕನಕಪುರದಲ್ಲಿರುವ ಅಕ್ಕ ಸಿದ್ದಮ್ಮ ಬಂದುಬಿಡು ಎಂದು ಹೇಳಿಕಳಿಸುತ್ತಲೇ ಇದ್ದರು.

ಕೆಂಪು ಕ್ಯಾಬಿನೆಟ್, ನನ್ನ ಕೈಗೆ ಕೊಟ್ಟ ಸ್ಕ್ರೂಡ್ರೈವರ್, ಓದಿಸಿದ ಪುಸ್ತಕ ಎಲ್ಲ ಒಮ್ಮೆಲೇ ನನ್ನ ಮುಂದೆ ಬಂದು ನಿಂತವು.

"ಹಾಗಾದ್ರೆ ನಿಮಗೆ ಬೇಕಾಗಿದ್ದದ್ದು ನನ್ನ ಕಣ್ಣು, ಅಷ್ಟೇನಾ?" ಕೇಳಬಾರದಿತ್ತು, ಕೇಳಿದೆ. "ನನ್ನ ಕಿವಿ ನೋಡ್ತಾ ಇದ್ರಲ್ಲ, ಅದೂ..."

"ಕಿವಿನಾ?" ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಕಿವಿ ಕಡೆ ಕಣ್ಣಿಟ್ರೆ ಮುಖ ಕಾಣ್ತಿತ್ತು, ಮೇಡಂ. ನೆಟ್ಟಗೆ ನೋಡಿದ್ರೆ ನೀವು ಇರ್ತಿರ್ನಿಲ್ಲ."

ನನ್ನ ಕೈ ತಾನಾಗಿ ಜುಮುಕಿಯನ್ನು ಮುಟ್ಟಿತು.

"ನೀವು ಬರ್ತಾನೇ ಇರ್ತೀನಿ ಅಂದ್ರಿ. ನಾನೊಂದು ಪಂದ್ಯ ಕಟ್ಕೊಂಡೆ, ನನ್ ಜೊತೆಗೇ. ಈ ಒಂದು ಮಿಷಿನ್ನ ಯಾರ ಕಣ್ಣೂ ಇಲ್ದೆ, ತಪ್ಪಿಲ್ದೆ ಮುಗ್ಸಿದ್ರೆ ನಿಮ್ಮನ್ನ ಕೇಳೋದು. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಅಕ್ಕನ ಮನೆಗೆ ಹೋಗೋದು. ಸರಿಯಾಗೇ ಮುಗೀತು ಅಂದ್ಕಂಡಿದ್ದೆ."

ಅಯ್ಯೋ, ಎಂದಿತು ಮನಸ್ಸು. ಮೇಜಿನ ಕೆಳಗೆ ಇಟ್ಟರೆ ಕಾಣದಷ್ಟು ಸಣ್ಣ ಲೈಟು. ನನಗೆ ಅದು ಹತ್ತುವುದೂ ಬೇಕಿರಲಿಲ್ಲ.

"ನಂಗೆ ಆ ಲೈಟು ಬೇಡ, ಬಾಲರಾಜು. ಅದು ನೆಪ. ನಿಮ್ಮನ್ನ ನೋಡೋಕೆ ಬರೋಕೆ ಒಂದು ನೆಪ ಬೇಕಿತ್ತು. ಕೇಳಿ, ಈಗಲೇ ಕೇಳಿ. ನನ್ನ ಉತ್ತರ ನಿಮಗೆ ಗೊತ್ತಿದೆ."

ಅವರು ಇಲ್ಲವೆಂದು ತಲೆಯಾಡಿಸಿದರು. "ನಿಮ್ಮಮ್ಮ ಹಾಸಿಗೆ ಹಿಡಿದಿದ್ದು ಎಷ್ಟು ವರ್ಷ?"

"ಹದಿಮೂರು."

"ಎತ್ತಿ ಕೂರ್ಸಿ, ತಿನ್ಸಿ, ಒರ್ಸಿ. ಒಬ್ರೇ. ಈಗ ತಾನೇ ಕೈ ತೊಳ್ಕೊಂಡಿದೀರಿ. ಮತ್ತೆ ನಾನು ಬಂದು ಮಲಗ್ಲಾ? ನೆಪ ಅಂದ್ರಲ್ಲ, ಅದು ನಿಜಾನೇ ಇರ್ಬೋದು. ಆದ್ರೂ ಲೈಟು ಹತ್ನಿಲ್ಲ ಅನ್ನೋದು ನಿಜ. ಇವತ್ತು ವೈರು. ನಾಳೆ ಸ್ಟೌವು, ನಾಡಿದ್ದು ರಸ್ತೆ."

ನನಗೇನೂ ಆಗುವುದಿಲ್ಲ, ಮಾಡಿ ಅಭ್ಯಾಸವಿದೆ ಎಂದು ಹೇಳಬಹುದಿತ್ತು. ಆದರೆ ಆ ಹದಿಮೂರು ವರ್ಷದ ದಣಿವು ನನ್ನ ಮುಖದಲ್ಲಿ ಇತ್ತೇನೋ. ಅವರು ಪಕ್ಕಕ್ಕೆ ನೋಡುತ್ತಾ ಅದನ್ನೂ ಕಂಡುಬಿಟ್ಟಿದ್ದರು. ಅತ್ತುಬಿಟ್ಟೆ. ಎದುರಿಗೇ ಕೂತು ಅತ್ತೆ. ಸಮಾಧಾನ ಮಾಡಲು ಅವರ ಕೈ ಅರ್ಧ ದಾರಿ ಬಂದು, ಎಲ್ಲಿ ಇಳಿಯಬೇಕೆಂದು ತಿಳಿಯದೆ ಮೇಜಿನ ಮೇಲೆ ನಿಂತಿತು. ನಾನು ಅದನ್ನು ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ, ಮನಸ್ಸನ್ನೂ ಬದಲಿಸಲಿಲ್ಲ.

ಸೋಮವಾರ ಅವರು ಕನಕಪುರಕ್ಕೆ ಹೋದರು. ಅಂಗಡಿಗೆ ಮೊಬೈಲ್ ರಿಪೇರಿಯವರು ಬಂದರು. ನಾನು ಆ ಕಂಪ್ಯೂಟರಿನಲ್ಲಿ ಎಂಟು ವರ್ಷ ಅಂಕಪಟ್ಟಿ ಟೈಪ್ ಮಾಡಿದೆ. ವೈರನ್ನು ತಿರುಗಿಸಿ ಹಾಕಲಿಲ್ಲ. ಇಷ್ಟನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ನನಗೆ ನಿಲ್ಲಬೇಕಾಗಿರುವುದು ಆ ಶನಿವಾರದ ಮಧ್ಯಾಹ್ನದಲ್ಲಿ.

ನನ್ನ ಅಳು ನಿಂತ ಮೇಲೆ ಅವರು ಎದ್ದು ಹಿಂದಿನ ಕೋಣೆಗೆ ಹೋದರು. ಬಾಗಿಲಿಗೆ ಪರದೆ ಇರಲಿಲ್ಲ. ಒಲೆಯ ಪಕ್ಕ ಎರಡು ಮುದ್ದೆ ಬಟ್ಟೆಯಡಿ ಆರುತ್ತಿದ್ದವು. ಪಾತ್ರೆಯಲ್ಲಿ ಅವರೆಕಾಳಿನ ಸಾರು. ಎರಡು ತಟ್ಟೆಗಳನ್ನು ಮೊದಲೇ ತೊಳೆದು ಒರೆಸಿ ಇಟ್ಟಿದ್ದರು. ಒಂದು ಹಳೆಯದು, ನೆಗ್ಗಿದ್ದು. ಇನ್ನೊಂದರ ಅಂಚಿನಲ್ಲಿ ಪಾತ್ರೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು.

ಹೊಸ ತಟ್ಟೆಗೆ ಮುದ್ದೆ ಇಟ್ಟರು. ಹೆಬ್ಬೆರಳನ್ನು ಅಂಚಿನೊಳಗೆ ಹಿಡಿದು, ಬಿಸಿ ತಾಕುವವರೆಗೂ ಸಾರು ಬಿಟ್ಟರು. ಬೆರಳನ್ನು ಪಂಚೆಗೆ ಒರೆಸಿಕೊಂಡು, ಒಂದು ಹನಿಯೂ ಚೆಲ್ಲದಂತೆ ನಡೆದು ಬಂದರು. ನನ್ನ ಕಿವಿಯ ಕಡೆ ನೋಡುತ್ತಾ, ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.