ಚಿನ್ನದ ಮೇಲೊಂದು ಹೆಬ್ಬೆರಳ ಗುರುತು

ಅರ್ನೋ ಎಚಾರ್ಟ್ ಮೊದಲ ಸಲ ಆ ನಾಣ್ಯದಂಗಡಿಗೆ ಬಂದಾಗಲೇ ಅಲ್ಲಿ ಕೆಲಸಕ್ಕಿದ್ದ ವರ್ನಾ ಪಿಕೆಟ್‌ಳಿಂದ ಬೈಸಿಕೊಂಡಿದ್ದ. ಉಣ್ಣೆಯ ಕಾಲುಚೀಲದೊಳಗಿಂದ ಇಪ್ಪತ್ತು ಡಾಲರಿನ ಹಳೆಯ ಚಿನ್ನದ ನಾಣ್ಯ ತೆಗೆದು, ಅಂಗೈಯಲ್ಲಿಟ್ಟು ಅವಳತ್ತ ಚಾಚಿದ್ದ.

"ಕೈಗೆ ಕೊಡಬೇಡಿ. ಇಲ್ಲಿಡಿ," ಎಂದು ಅವಳು ಕಪ್ಪು ವೆಲ್ವೆಟ್ ಹಾಸಿದ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

ಕಾರ್ಸನ್ ಸಿಟಿಯ ನಾಣ್ಯದಂಗಡಿಗಳಲ್ಲಿ ಅದು ನಡೆದುಬಂದ ರೀತಿ. ನಾಣ್ಯ ಕೈಯಿಂದ ಕೈಗೆ ಹೋಗುವುದಿಲ್ಲ. ಒಬ್ಬರು ತಟ್ಟೆಯಲ್ಲಿಡಬೇಕು, ಇನ್ನೊಬ್ಬರು ಅಂಚು ಹಿಡಿದು ಎತ್ತಬೇಕು. ಜಾರಿ ಬಿದ್ದರೆ ಯಾರ ಕೈಯಿಂದ ಬಿತ್ತೆಂಬ ಜಗಳವಿಲ್ಲ, ಬೆರಳಿನ ಎಣ್ಣೆ ನಾಣ್ಯದ ಮುಖಕ್ಕೆ ತಾಗುವುದಿಲ್ಲ.

"ನಿಮ್ಮ ಕೈ ತಾಗಿದ್ರೆ ಬೆಲೆ ಇಳಿಯುತ್ತಾ?" ಎಂದು ಅವನು ಕೇಳಿದ.

"ನಾಣ್ಯದ್ದು ಇಳಿಯುತ್ತೆ. ನನ್ನದು ಗೊತ್ತಿಲ್ಲ."

ಅವನು ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಮೊದಲೇ ಮುಚ್ಚುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ವರ್ನಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವನ ಅಜ್ಜ ಕಡಲಾಚೆಯ ಬಾಸ್ಕ್ ಬೆಟ್ಟಗಳಿಂದ ನೆವಾಡಾಕ್ಕೆ ಕುರಿ ಕಾಯಲು ಬಂದವನು. ಮೊದಲ ವರ್ಷದ ಕೂಲಿಯಲ್ಲಿ ಅವನು ಉಳಿಸಿದ್ದು ಈ ಒಂದೇ ನಾಣ್ಯ. ಒಂದು ಬದಿಯಲ್ಲಿ ಹೆಂಗಸಿನ ಮುಖ, ಇನ್ನೊಂದು ಬದಿಯಲ್ಲಿ ಹದ್ದು, ಹದ್ದಿನ ಕೆಳಗೆ ಎರಡು ಪುಟ್ಟ ಅಕ್ಷರ. ಇದೇ ಊರಿನ ಟಂಕಸಾಲೆಯದು ಎಂಬುದಕ್ಕೆ ಅದೇ ಗುರುತು.

ಆಮೇಲೆ ಪ್ರತಿ ಶನಿವಾರ ಅರ್ನೋ ಬಂದ. ಕಬ್ಬಿಣದ ಪಾತ್ರೆಯಲ್ಲಿ ಸುಟ್ಟ ಕುರಿಗಾಹಿಗಳ ಬ್ರೆಡ್ಡನ್ನು ಬಿಸಿಯಾಗಿಯೇ ತರುತ್ತಿದ್ದ. ನಾಣ್ಯ ಸರಿಯಾಗಿದೆಯೇ ನೋಡಿ ಎನ್ನುತ್ತಿದ್ದ. ಬೆಲೆ ಮಾತ್ರ ಕೇಳುತ್ತಿರಲಿಲ್ಲ. ಈ ಹುಡುಗ ನಾಣ್ಯದಲ್ಲಿರುವ ಹೆಂಗಸನ್ನು ನೋಡಲು ಬರುತ್ತಾನೋ, ದೀಪದ ಹಿಂದಿರುವವಳನ್ನೋ ಎಂದು ಅಂಗಡಿಯ ಯಜಮಾನ ಮುದುಕ ಟಿಲ್ಮನ್ ಗೊಣಗುತ್ತಿದ್ದ.

ಅಕ್ಟೋಬರಿನ ಒಂದು ಶನಿವಾರ ಅವನು ಬ್ರೆಡ್ ಇಲ್ಲದೆ ಬಂದ. ಬಂದವನೇ ಬೆಲೆ ಕೇಳಿದ.

ಮೊಂಟಾನಾದಲ್ಲಿ ಗೆಳೆಯನೊಬ್ಬ ಕುರಿ ಸಾಕಣೆಯಲ್ಲಿ ಅರ್ಧ ಪಾಲು ಕೊಡುತ್ತಾನಂತೆ, ತಿಂಗಳೊಳಗೆ ಮುಂಗಡ ಬೇಕಂತೆ. ಅಲ್ಲಿನ ಮನೆಯ ಅಡುಗೆಕೋಣೆಗೆ ಬೆಳಗಿನ ಬಿಸಿಲು ಬೀಳುತ್ತದಂತೆ. ಇದನ್ನೆಲ್ಲ ನನಗೇಕೆ ಹೇಳುತ್ತಾನೆ ಎಂದುಕೊಂಡಳು ವರ್ನಾ. ಹೋಗುತ್ತಾನೆ ಎಂಬುದೊಂದೇ ಅವಳ ಕಿವಿಗೆ ಬಿದ್ದಿತ್ತು.

ಅವನು ಅಂಗೈ ಬಿಚ್ಚಿದ. ತಟ್ಟೆಯನ್ನು ಮರೆತು, ಅವಳು ಆ ಬೆಚ್ಚನೆಯ ಅಂಗೈಯಿಂದಲೇ ನಾಣ್ಯವನ್ನು ಎತ್ತಿಕೊಂಡಳು. ಅವಳ ಹೆಬ್ಬೆರಳು ನೇರವಾಗಿ ನಾಣ್ಯದ ಹೆಂಗಸಿನ ಕೆನ್ನೆಯ ಮೇಲೆ ಕೂತಿತು.

ದೀಪದ ಕೆಳಗೆ ಹಿಡಿದಳು. ಕಣ್ಣಿಗೆ ಕಂಡ ಬೆಲೆ ಒಂಬತ್ತು ಸಾವಿರ ಡಾಲರ್.

"ಯಾರೋ ಉಜ್ಜಿ ತೊಳೆದುಬಿಟ್ಟಿದ್ದಾರೆ, ಅರ್ನೋ. ಸಂಗ್ರಹಿಸೋರು ಮುಟ್ಟಲ್ಲ. ಬರೀ ಚಿನ್ನದ ತೂಕಕ್ಕೆ ಮುನ್ನೂರೈವತ್ತು ಬಂದೀತು."

ಅವನು ಅವಳ ಮುಖವನ್ನೇ ನೋಡಿದ. "ನಮ್ಮಜ್ಜಿ ಇರಬೇಕು," ಎಂದ. "ಕಂಡದ್ದನ್ನೆಲ್ಲ ತೊಳೀತಿದ್ಲು." ನಾಣ್ಯವನ್ನು ಕಾಲುಚೀಲಕ್ಕೆ ಹಾಕಿಕೊಂಡು ಹೊರಟುಹೋದ.

ಮುಂದಿನ ಶನಿವಾರ ವರ್ನಾ ಅವನ ಬ್ರೆಡ್ಡಿಗೆಂದು ಎರಡು ತಟ್ಟೆ, ಬೆಣ್ಣೆ ತಂದಿಟ್ಟುಕೊಂಡಳು. ಅವನು ಬರಲಿಲ್ಲ. ಎಲ್ಕೋದ ಗಣಿಗೆ ಸೇರಿದನೆಂದು ಯಾರೋ ಹೇಳಿದರು. ಮೂರು ವರ್ಷದ ಮೇಲೆ ಅವನ ಮದುವೆಯ ಫೋಟೋ ಪೇಪರಿನಲ್ಲಿ ಬಂತು.

ಇಪ್ಪತ್ತಾರು ವರ್ಷ ಕಳೆದು, ಟಿಲ್ಮನ್ ಸತ್ತು, ಅಂಗಡಿ ವರ್ನಾಳದಾದ ಮೇಲೆ, ಈ ಮಾರ್ಚಿನಲ್ಲಿ ಅವನು ಬಂದ. ಕೂದಲು ನರೆತಿತ್ತು, ಬಲಗಾಲು ಸ್ವಲ್ಪ ಎಳೆಯುತ್ತಿತ್ತು.

"ಮಿಸ್ ಪಿಕೆಟ್," ಎಂದ. ಮಗಳು ಮನೆ ಕೊಳ್ಳುತ್ತಿದ್ದಾಳೆ, ನಾಣ್ಯ ಮಾರಬೇಕು. ಹೆಂಡತಿ ಮೈತೆ ಎದುರಿನ ಬೇಕರಿಯಲ್ಲಿದ್ದಾಳೆ ಎಂದ. ಅದೇ ಕಾಲುಚೀಲ. ಆದರೆ ಈ ಸಲ ಅವನೇ ಅಂಚು ಹಿಡಿದು ನಾಣ್ಯವನ್ನು ವೆಲ್ವೆಟ್ ಮೇಲಿಟ್ಟ.

ವರ್ನಾ ಭೂತಗನ್ನಡಿಯಲ್ಲಿ ನೋಡಿದಳು. ಕೆನ್ನೆಯ ಮೇಲೆ ಕಂದುಬಣ್ಣದ ಹೆಬ್ಬೆರಳ ಗುರುತು. ಗೆರೆಗಳ ನಡುವೆ ಅಡ್ಡಲಾಗಿ ಒಂದು ಗಾಯದ ಕಲೆ. ಎಂಟನೆಯ ವಯಸ್ಸಿನಲ್ಲಿ ಡಬ್ಬಿಯ ಮುಚ್ಚಳ ಕೊಯ್ದ ಗಾಯ ಅದು, ಅವಳದೇ.

"ಅರ್ನೋ, ಅವತ್ತು ನಾನು ಸುಳ್ಳು ಹೇಳಿದೆ."

"ಗೊತ್ತು. ಮುಂದಿನ ವರ್ಷವೇ ರೀನೋದಲ್ಲಿ ಒಬ್ಬ ನಿಜವಾದ ಬೆಲೆ ಹೇಳಿದ."

"ಗೊತ್ತಿದ್ದೂ ಬಂದು ಯಾಕೆ ಕೇಳಲಿಲ್ಲ?"

"ಏನಂತ ಕೇಳಲಿ? ಅಂಗಡಿಯೋರು ಕಮ್ಮಿ ಹೇಳಿ ಹೊಡ್ಕೊಳ್ಳೋದು ಹೊಸದೇನಲ್ಲ. ನೀನೂ ಅವರ ಹಾಗೇ ಅಂದ್ಕೊಂಡೆ."

"ಹೊಡ್ಕೊಳ್ಳೋಕಲ್ಲ," ಎಂದಳು. "ನೀನು ಹೋಗಬಾರದು ಅಂತ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

"ಒಬ್ಬನೇ ಹೋಗ್ತೀನಿ ಅಂತ ನಿನಗೆ ಯಾರು ಹೇಳಿದ್ರು? ದುಡ್ಡು ಬಂದ್ಮೇಲೆ ಕೇಳೋಣ ಅಂತಿದ್ದೆ. ಬರಿಗೈಲಿ ಹೇಗೆ ಕೇಳ್ಲಿ, ವರ್ನಾ?"

ಬೆಳಗಿನ ಬಿಸಿಲು ಬೀಳುವ ಅಡುಗೆಕೋಣೆ. ಅವಳಿಗೆ ಈಗ ಅರ್ಥವಾಯಿತು.

ಮಾತು ಬದಲಿಸಬೇಕಿತ್ತು. ಗುರುತಿಲ್ಲದಿದ್ದರೆ ಮೂವತ್ತು ಸಾವಿರ, ಹೀಗೆಯೇ ಆದರೆ ಹದಿನೆಂಟು ಎಂದಳು. ತಾನು ಕೊಳ್ಳುವುದಿಲ್ಲ, ಹರಾಜಿನವರ ವಿಳಾಸ ಬರೆದುಕೊಡುತ್ತೇನೆ ಎಂದಳು.

"ಈ ಗುರುತನ್ನ ರೀನೋದವನು ಹತ್ತು ನಿಮಿಷದಲ್ಲಿ ತೆಗೀತೀನಿ ಅಂದಿದ್ದ," ಎಂದ ಅರ್ನೋ. "ನಾನೇ ಬೇಡ ಅಂದೆ."

"ಮೋಸಗಾತಿ ಅಂದ್ಕೊಂಡೂ?"

"ಹೂಂ. ಅಂದ್ಕೊಂಡೂ. ಈಗ ತೆಗೆಯೋಕಾಗುತ್ತಾ?"

"ಇಲ್ಲ. ಒಳಗಿಳಿದುಬಿಟ್ಟಿದೆ."

ಬಾಗಿಲ ಗಂಟೆ ಸದ್ದಾಯಿತು. ಬ್ರೆಡ್ಡಿನ ಚೀಲ ಹಿಡಿದ ಮೈತೆ ಒಳಗೆ ಬಂದಳು. ತುಂಬು ಮುಖದ, ಒಳ್ಳೆಯ ಹೆಂಗಸು. ಎಷ್ಟಂತೆ ಎಂದು ಕೇಳಿದಳು. ವರ್ನಾ ಬೆಲೆ ಹೇಳಿ, ಅದು ಇಳಿದದ್ದೇಕೆಂದು ಗುರುತನ್ನು ತೋರಿಸಿದಳು.

"ಅಯ್ಯೋ. ಯಾವ ದಡ್ಡರ ಕೈಯೋ," ಎಂದಳು ಮೈತೆ.

"ಹೌದು," ಎಂದಳು ವರ್ನಾ.

ನಾಣ್ಯವನ್ನು ಹಿಂದಕ್ಕೆ ಪಡೆಯಲು ಅರ್ನೋ ಅಂದಿನಂತೆಯೇ ಅಂಗೈ ಬಿಚ್ಚಿ ಚಾಚಿದ. ವರ್ನಾ ಅದನ್ನೊಮ್ಮೆ ನೋಡಿದಳು. ಆಮೇಲೆ ನಾಣ್ಯವನ್ನು ಅಂಚು ಹಿಡಿದೆತ್ತಿ, ವೆಲ್ವೆಟ್ ಮೇಲಿಟ್ಟು, ತಟ್ಟೆಯನ್ನು ಅವನ ಕಡೆ ತಳ್ಳಿದಳು.